ಇರುವ ಕ್ಯಾಮೆರಾ, ಇರುವ ಸ್ಪೀಕರ್: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹಳೆಯ ಕ್ಯಾಮೆರಾ ಮತ್ತು ಆಡಿಯೋ ಸಾಮಾನುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ತುಂಬ ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿ, ಹೆಸರು ಬಿಟ್ಟು, ಕೆಲವಕ್ಕೆ ಇಲ್ಲಿ ಉತ್ತರಿಸುತ್ತಿದ್ದೇನೆ. ಫೋಟೋ ಮತ್ತು ಧ್ವನಿ ಎರಡನ್ನೂ ಒಂದೇ ಅಂಕಣಕ್ಕೆ ಯಾಕೆ ಸೇರಿಸಿದಿರಿ ಎಂದು ಒಬ್ಬರು ಕೇಳಿದ್ದಾರೆ. ಎರಡೂ ನನ್ನ ಹೊಟ್ಟೆಪಾಡಿನ ಕೆಲಸಗಳು, ಅದು ಒಂದು ಕಾರಣ. ಇನ್ನೊಂದು, ಇವು ಹುಟ್ಟಿನಿಂದಲೇ ನೆಂಟರು. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಚಿತ್ರವನ್ನು ಉಳಿಸುತ್ತಿದ್ದುದು ಕ್ಯಾಸೆಟ್ ಟೇಪಿನ ಮೇಲೆ. ಒಂದು ಚಿತ್ರ ದಾಖಲಾಗಲು 23 ಸೆಕೆಂಡ್ ಬೇಕಾಗುತ್ತಿತ್ತು.

ಹೆಚ್ಚಿನವರು ಕೇಳಿರುವುದು 'ಹೊಸದು ಕೊಳ್ಳಲಾ, ಬೇಡವಾ' ಎಂದು. ನಾನು ತಿರುಗಿ ಕೇಳುವುದು 'ಈಗ ಇರುವುದರಲ್ಲಿ ನಿಮಗೆ ಯಾವುದು ಸಾಲುತ್ತಿಲ್ಲ?' ಎಂದು. ಅದಕ್ಕೆ ಸರಿಯಾದ ಉತ್ತರ ಸಿಕ್ಕರೆ ಬಹಳ ಸಲ ಕೊಳ್ಳುವ ಮಾತೇ ಬರುವುದಿಲ್ಲ.

ಪ್ರಶ್ನೆ: ಅಕ್ಕಾ, ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆ. ಮಾವ ತಮ್ಮ ನಿಕಾನ್ ಡಿ40 ಕ್ಯಾಮೆರಾ ಕೊಟ್ಟಿದ್ದಾರೆ. ಜೊತೆಗೆ 18–55 ಲೆನ್ಸ್ ಇದೆ. ಬರೀ 6 ಮೆಗಾಪಿಕ್ಸೆಲ್. 'ನಮ್ಮ ಫೋನೇ ಇದಕ್ಕಿಂತ ವಾಸಿ' ಅಂತ ಗೆಳತಿಯರು ನಗ್ತಾರೆ. ಇದರಲ್ಲೇ ಕಲಿಯಬಹುದಾ, ಇಲ್ಲಾ ದುಡ್ಡು ಕೂಡಿಸಿ ಹೊಸದು ತಗೊಳ್ಳಲಾ?

ಅಕ್ಕಾ ಎಂದು ಕರೆದಿದ್ದೀಯ, ಹಾಗಾಗಿ ನೀನು ಎಂದೇ ಬರೆಯುತ್ತೇನೆ. ಇದರಲ್ಲೇ ಕಲಿ. ಇದು ಕಲಿಯಲು ತುಂಬ ಒಳ್ಳೆಯ ಕ್ಯಾಮೆರಾ.

ಮೊದಲು ಆ 6 ಮೆಗಾಪಿಕ್ಸೆಲ್ ಭಯ ತೆಗೆದುಹಾಕೋಣ. ಡಿ40 ಕೊಡುವ ಚಿತ್ರ 3008ಕ್ಕೆ 2000 ಚುಕ್ಕಿಗಳದ್ದು. ಫುಲ್ ಎಚ್‌ಡಿ ಪರದೆ ತೋರಿಸುವುದು ಸುಮಾರು 2 ಮೆಗಾಪಿಕ್ಸೆಲ್ ಅಷ್ಟೆ. ಅಂದರೆ ನಿನ್ನ ಕ್ಯಾಮೆರಾದ ಚಿತ್ರದಲ್ಲಿ ಅಂಥ ಪರದೆಗೆ ಬೇಕಾದ್ದಕ್ಕಿಂತ ಮೂರು ಪಟ್ಟು ವಿವರ ಇದೆ. ಎ4 ಅಳತೆಗೆ ಪ್ರಿಂಟ್ ಹಾಕಿಸಿದರೆ ಇಂಚಿಗೆ ಸುಮಾರು 250 ಚುಕ್ಕಿ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಇಷ್ಟು ಸಾಕು. ಇನ್ನೊಂದು ವಿಷಯ ಹೆಚ್ಚಿನವರು ಗಮನಿಸುವುದಿಲ್ಲ. 24 ಮೆಗಾಪಿಕ್ಸೆಲ್ ಅಂದರೆ 6ರ ನಾಲ್ಕು ಪಟ್ಟು ಎಂದು ಕಾಣುತ್ತದೆ. ಆದರೆ ಉದ್ದದಲ್ಲಿ, ಅಗಲದಲ್ಲಿ ಅದು ಎರಡೇ ಪಟ್ಟು. ಅಂಗಡಿಯ ಸಂಖ್ಯೆ ದೊಡ್ಡದು, ಕಣ್ಣಿಗೆ ಕಾಣುವ ವ್ಯತ್ಯಾಸ ಅಷ್ಟು ದೊಡ್ಡದಲ್ಲ.

ಹಾಗಂತ ನಿನ್ನ ಗೆಳತಿಯರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಮಬ್ಬು ಬೆಳಕಿನಲ್ಲಿ ಈಗಿನ ಫೋನು ಒಂದರ ಹಿಂದೆ ಒಂದು ಹಲವು ಚಿತ್ರ ತೆಗೆದು, ಬೆರೆಸಿ, ಒಂದು ಮಾಡಿ ಕೊಡುತ್ತದೆ. ಡಿ40 ಹಾಗೆ ಮಾಡುವುದಿಲ್ಲ. ಐಎಸ್ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟ, 1600ಕ್ಕೆ ಹೋದರೆ ಕಾಳು ಕಾಳಾಗಿ ಕಾಣುತ್ತದೆ. ನಿನ್ನ ಕ್ಯಾಮೆರಾದ ನಿಜವಾದ ಕೊರತೆ ಇದು, ಮೆಗಾಪಿಕ್ಸೆಲ್ ಅಲ್ಲ. ಕೊರತೆ ಗೊತ್ತಾದರೆ ಮದ್ದೂ ಗೊತ್ತಾಗುತ್ತದೆ. ನಿನ್ನ ಲೆನ್ಸ್ 55ಕ್ಕೆ ಎಳೆದಾಗ ಎಫ್ 5.6 ಮಾತ್ರ ತೆರೆಯುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. ಎಫ್ 1.8ರ 50 ಎಂಎಂ ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಆಗ ಐಎಸ್ಒ 1600 ಬೇಕಿದ್ದ ಕಡೆ 200ರಲ್ಲೇ ಕೆಲಸ ಆಗುತ್ತದೆ. ಹೊಸ ಕ್ಯಾಮೆರಾದ ದುಡ್ಡಿನಲ್ಲಿ ಒಂದು ಚಿಕ್ಕ ಪಾಲು ಸಾಕು, ಅದೂ ಯಾರೋ ಬಳಸಿ ಬಿಟ್ಟ ಲೆನ್ಸ್ ಆದರೆ ಇನ್ನೂ ಕಡಿಮೆ. ಕೊಳ್ಳುವಾಗ ಒಂದು ಎಚ್ಚರ ಇರಲಿ. ಡಿ40 ಒಳಗೆ ಫೋಕಸ್ ಮೋಟಾರ್ ಇಲ್ಲ. ಲೆನ್ಸಿನ ಮೇಲೆ ಎಎಫ್-ಎಸ್ ಎಂದು ಬರೆದಿದ್ದರೆ ತಾನಾಗಿ ಫೋಕಸ್ ಆಗುತ್ತದೆ. ಬರೀ ಎಎಫ್ ಅಥವಾ ಎಎಫ್-ಡಿ ಎಂದಿದ್ದರೆ ಕೈಯಲ್ಲಿ ತಿರುಗಿಸಿ ಫೋಕಸ್ ಮಾಡಬೇಕು.

ಆ ಲೆನ್ಸೂ ಈಗಲೇ ಬೇಡ. ಒಂದಷ್ಟು ದಿನ ಇರುವ ಲೆನ್ಸನ್ನು 35ಕ್ಕೆ ನಿಲ್ಲಿಸಿ, ಜೂಮ್ ಮುಟ್ಟದೆ, ಕಾಲಲ್ಲಿ ಹತ್ತಿರ ದೂರ ನಡೆದು ತೆಗೆ. ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ಮಾಹಿತಿಯಾಗಿ, ಉಳಿಸು. ಡಾರ್ಕ್‌ಟೇಬಲ್, ರಾಥೆರಪಿ ಎಂಬ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. 2006ರ ಕ್ಯಾಮೆರಾದ ರಾ ಫೈಲನ್ನು ಇವತ್ತಿನ ತಂತ್ರಾಂಶದಲ್ಲಿ ತೆರೆದರೆ ಕಾಳು ಕಡಿಮೆ ಮಾಡುವ ಕೆಲಸ ಆ ಕಾಲಕ್ಕಿಂತ ಎಷ್ಟೋ ಚೆನ್ನಾಗಿ ಆಗುತ್ತದೆ. ಕ್ಯಾಮೆರಾ ಹಳೆಯದೇ, ಆದರೆ ಅದು ಕೊಡುವ ಚಿತ್ರ ವರ್ಷ ವರ್ಷ ಸುಧಾರಿಸುತ್ತಿದೆ. ಇದು ನನಗೆ ಬಹಳ ಖುಷಿ ಕೊಡುವ ಸಂಗತಿ.

ಇನ್ನೊಂದು ಗುಟ್ಟು. ಡಿ40 ಫ್ಲ್ಯಾಶ್ ಜೊತೆ ಸೆಕೆಂಡಿನ 500ನೇ ಒಂದು ಭಾಗದ ಶಟರ್ ವೇಗಕ್ಕೆ ಹೊಂದಿಕೊಳ್ಳುತ್ತದೆ. ಈಗಿನ ಎಷ್ಟೋ ದುಬಾರಿ ಕ್ಯಾಮೆರಾಗಳು ಮಾಮೂಲಾಗಿ 200 ಅಥವಾ 250ಕ್ಕೇ ನಿಲ್ಲುತ್ತವೆ. ಸುಡುಬಿಸಿಲಲ್ಲಿ ಮುಖದ ಮೇಲೆ ಕಪ್ಪು ನೆರಳು ಬಿದ್ದಾಗ ಫ್ಲ್ಯಾಶ್ ಹಾಕಿ ನೋಡು. ನಗುವವರಿಗೆ ಆ ಚಿತ್ರ ತೋರಿಸು.

ಪ್ರಶ್ನೆ: ಅಪ್ಪನ ಕಾಲದ ಆಂಪ್ಲಿಫೈಯರ್ ಇದೆ. ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು. ಒಮ್ಮೊಮ್ಮೆ ಎಡಗಡೆ ಸ್ಪೀಕರ್ ಬಂದ್ ಆಗುತ್ತದೆ. ಗುಂಡಿ ಅಲ್ಲಾಡಿಸಿದರೆ ಮತ್ತೆ ಬರುತ್ತದೆ. ರಿಪೇರಿಯವರು ಬಿಚ್ಚಿಯೂ ನೋಡದೆ 'ಬೋರ್ಡ್ ಹೋಗಿದೆ, ಹೊಸ ಸೌಂಡ್‌ಬಾರ್ ತಗೊಳ್ಳಿ' ಅಂದರು. ನಿಜಾನಾ?

ಬಿಚ್ಚದೆ ಹೇಳಿದ್ದನ್ನು ನಂಬಬೇಡಿ. ಬೋರ್ಡ್ ಹೋಗಿದ್ದರೆ ಗುಂಡಿ ಅಲ್ಲಾಡಿಸಿದ ಮಾತ್ರಕ್ಕೆ ಸದ್ದು ವಾಪಸ್ ಬರುವುದು ಅಪರೂಪ. ನೀವು ಹೇಳಿದ ಲಕ್ಷಣ ಹೆಚ್ಚಾಗಿ ಕೊಳೆಯದ್ದು. ವಾಲ್ಯೂಮ್ ಗುಂಡಿಯ ಹಿಂದೆ ಇಂಗಾಲ ಬಳಿದ ಒಂದು ಪಟ್ಟಿ ಇರುತ್ತದೆ. ಅದರ ಮೇಲೆ ಒಂದು ಲೋಹದ ನಾಲಿಗೆ ಜಾರುತ್ತಿರುತ್ತದೆ. ಅಲ್ಲಿ ಧೂಳು ಕೂತು, ಲೋಹ ಕಿಲುಬು ಹಿಡಿದು ಕರಕರ ಶುರುವಾಗುತ್ತದೆ.

ಪ್ಲಗ್ ಕಿತ್ತಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ಮುಚ್ಚಳ ತೆಗೆಸಿ. ವಾಲ್ಯೂಮ್ ಕಂಟ್ರೋಲ್‌ಗೆ ಸ್ಪ್ರೇ ಮಾಡಲೆಂದೇ ಕಾಂಟ್ಯಾಕ್ಟ್ ಕ್ಲೀನರ್ ಸಿಗುತ್ತದೆ. ಕಂಟ್ರೋಲ್‌ನ ಸಂದಿಯಲ್ಲಿ ಒಂದೆರಡು ಸಲ ಬಿಟ್ಟು, ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಚೆನ್ನಾಗಿ ತಿರುಗಿಸಬೇಕು. ಪೂರ್ತಿ ಒಣಗಿದ ಮೇಲೆ ಮಾತ್ರ ಕರೆಂಟ್ ಕೊಡಿ. ತುಕ್ಕು ಬಿಡಿಸುವ ಸಾಮಾನ್ಯ ಎಣ್ಣೆ ಸ್ಪ್ರೇ ಬೇಡ. ಅದು ಅಂಟು ಉಳಿಸಿ ಇನ್ನಷ್ಟು ಧೂಳು ಹಿಡಿಸುತ್ತದೆ. ಬಾಸ್, ಟ್ರೆಬಲ್, ಬ್ಯಾಲೆನ್ಸ್ ಗುಂಡಿಗಳಿಗೂ, ಸೆಲೆಕ್ಟರ್ ಸ್ವಿಚ್‌ಗೂ ಇದೇ ಉಪಚಾರ. ಒಳಗಿನ ದೊಡ್ಡ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ವಿದ್ಯುತ್ ಹಿಡಿದಿಟ್ಟಿರುತ್ತವೆ. ಅಭ್ಯಾಸ ಇಲ್ಲದಿದ್ದರೆ ನೀವು ಕೈ ಹಾಕಬೇಡಿ, ಗೊತ್ತಿದ್ದವರಿಂದಲೇ ಮಾಡಿಸಿ.

ಇದರಿಂದ ಹೋಗದಿದ್ದರೆ ಇನ್ನೊಂದು ಪರೀಕ್ಷೆ. ಸಣ್ಣ ಸದ್ದಿನಲ್ಲಿ ಎಡಗಡೆ ಮೌನ, ವಾಲ್ಯೂಮ್ ಏರಿಸಿದ ಕೂಡಲೇ ಥಟ್ಟನೆ ಬರುತ್ತದೆ ಎಂದಾದರೆ ಸ್ಪೀಕರ್ ರಿಲೇ, ಅಂದರೆ ಸ್ಪೀಕರಿಗೆ ಸದ್ದು ಬಿಡುವ ಸ್ವಿಚ್, ಅದರ ಕಡೆ ನೋಡಬೇಕು. ಅದರ ಬಾಯಿಗಳು ಕಪ್ಪಾಗಿರುತ್ತವೆ. ರಿಲೇ ಅಗ್ಗದ ಸಾಮಾನು, ಬದಲಿಸುವುದೂ ದೊಡ್ಡ ಕೆಲಸವಲ್ಲ. ಸದಾ ಗುಂಯ್ ಎನ್ನುವ ಸದ್ದಿದ್ದರೆ ಪವರ್ ಸಪ್ಲೈ ಕೆಪಾಸಿಟರ್ ಒಣಗಿರಬಹುದು, ಅದನ್ನೂ ಹಾಕಿಸಬಹುದು. ಇದೆಲ್ಲಕ್ಕೂ ಮೊದಲು ಎಡ ಬಲ ಸ್ಪೀಕರ್ ವೈರುಗಳನ್ನು ಅದಲು ಬದಲು ಮಾಡಿ ನೋಡಿ. ತೊಂದರೆ ಬಲಕ್ಕೆ ಹೋದರೆ ಆಂಪ್ಲಿಫೈಯರ್‌ದೋ, ಅದಕ್ಕೆ ಹಾಡು ತರುವ ವೈರಿನದೋ ದೋಷ. ಎಡದಲ್ಲೇ ಉಳಿದರೆ ಸ್ಪೀಕರಿನದ್ದೋ, ಅದರ ವೈರಿನದ್ದೋ. ಟೇಪ್ ಮಾನಿಟರ್ ಗುಂಡಿ ಒತ್ತಿಕೊಂಡಿದೆಯಾ ಎಂದೂ ನೋಡಿ. ಆ ಗುಂಡಿ ಒಳಗಿದ್ದು ಟೇಪ್ ಡೆಕ್ ಇಲ್ಲದಿದ್ದರೆ ಸದ್ದೇ ಬರುವುದಿಲ್ಲ. ಅಷ್ಟಕ್ಕೇ ಗುಜರಿಗೆ ಹೋದ ಆಂಪ್ಲಿಫೈಯರ್‌ಗಳನ್ನು ನೋಡಿದ್ದೇನೆ. ನೆನೆಸಿಕೊಂಡರೆ ಸಂಕಟವಾಗುತ್ತದೆ.

'ಹಳೆಯದು ಬರೀ 40 ವ್ಯಾಟ್, ಹೊಸದು 80' ಎಂಬ ಮಾತೂ ನಿಮ್ಮ ಪತ್ರದಲ್ಲಿದೆ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್. ಕಿವಿಗೆ ಅದು ಚೂರು ಜಾಸ್ತಿ ಎನಿಸುತ್ತದೆ, ಅಷ್ಟೆ. ಎರಡರಷ್ಟು ಜೋರು ಎನಿಸಬೇಕಾದರೆ ಸುಮಾರು 10 ಪಟ್ಟು ವ್ಯಾಟ್ ಬೇಕು. ನಿಮ್ಮ ಕೋಣೆಗೆ 40 ಧಾರಾಳ. ಫೋನಿನಿಂದ ಹಾಡು ಕೇಳಲು ಒಂದು ತುದಿಯಲ್ಲಿ 3.5 ಎಂಎಂ ಪಿನ್, ಇನ್ನೊಂದು ತುದಿಯಲ್ಲಿ ಕೆಂಪು ಬಿಳಿ ಪಿನ್ ಇರುವ ವೈರ್ ಸಾಕು. ಅದನ್ನು ಆಕ್ಸ್ ಅಥವಾ ಸಿಡಿ ಎಂದು ಬರೆದ ಕಡೆ ಚುಚ್ಚಿ. ಫೋನೋ ಎಂದು ಬರೆದ ಕಡೆ ಬೇಡ. ಅದು ರೆಕಾರ್ಡ್ ಪ್ಲೇಯರ್‌ನ ತೀರಾ ಸಣ್ಣ ಸಿಗ್ನಲ್‌ಗಾಗಿ ಇರುವುದು. ಅಲ್ಲಿ ಫೋನ್ ಚುಚ್ಚಿದರೆ ಸದ್ದು ಒಡೆದು ಕಿವಿಗೆ ರಾಚುತ್ತದೆ.

ಪ್ರಶ್ನೆ: ಸ್ಪೀಕರಿನ ಅಂಚಿನ ಫೋಮ್ ಪುಡಿಪುಡಿಯಾಗಿ ಉದುರಿದೆ. ಸ್ಪೀಕರ್ ಸತ್ತಂತೆಯೇ?

ಇಲ್ಲ. ಫೋಮ್ ಅಂಚು ಹದಿನೈದು ಇಪ್ಪತ್ತು ವರ್ಷಕ್ಕೆ ಹೀಗೆ ಉದುರುವುದು ಸಹಜ. ಕೋನ್, ಕಾಯಿಲ್, ಆಯಸ್ಕಾಂತ ಚೆನ್ನಾಗಿಯೇ ಇರುತ್ತವೆ. ಅಳತೆಗೆ ತಕ್ಕ ಹೊಸ ಅಂಚು ಸಿಗುತ್ತದೆ, ಅಂಟಿಸಿಕೊಡುವವರೂ ಇದ್ದಾರೆ. ಅಲ್ಲಿಯವರೆಗೆ ಆ ಸ್ಪೀಕರ್ ಹಾಕಬೇಡಿ. ಅಂಚಿನ ಆಸರೆ ಇಲ್ಲದೆ ಕಾಯಿಲ್ ಓರೆಯಾಗಿ ಉಜ್ಜಿಕೊಂಡರೆ ಆಗ ನಿಜವಾಗಿ ಸಾಯುತ್ತದೆ.

ಪ್ರಶ್ನೆ: ಮಕ್ಕಳು ಚಿಕ್ಕವರಿದ್ದಾಗ ತೆಗೆದ ಮಿನಿ ಡಿವಿ ವಿಡಿಯೋ ಟೇಪುಗಳು ಒಂದು ಡಬ್ಬದ ತುಂಬ ಇವೆ. ಕ್ಯಾಮೆರಾ ಇನ್ನೂ ಓಡುತ್ತದೆ. ನಿವೃತ್ತಿಯಾದ ಮೇಲೆ ನಿಧಾನವಾಗಿ ಕಂಪ್ಯೂಟರಿಗೆ ಹಾಕಿಕೊಳ್ಳೋಣ ಅಂತಿದ್ದೇವೆ. ಕಾಯಬಹುದಲ್ವಾ?

ಕಾಯಬೇಡಿ. ಈ ಅಂಕಣದಲ್ಲಿ ಬೇರೆ ಯಾರಿಗೂ ಅವಸರ ಮಾಡಿ ಎಂದು ಹೇಳುವುದಿಲ್ಲ, ನಿಮಗೆ ಹೇಳುತ್ತೇನೆ. ಟೇಪಿಗಿಂತ ಮೊದಲು ಅದನ್ನು ಓಡಿಸುವ ಯಂತ್ರ ಕೈಕೊಡುತ್ತದೆ. ಮಿನಿ ಡಿವಿ ಬಂದದ್ದು 1995ರಲ್ಲಿ. ಅಂಥ ಕ್ಯಾಮೆರಾಗಳನ್ನು ಮಾಡುವುದು ನಿಂತು ಕಾಲವಾಯಿತು. ಒಳಗಿನ ಸಣ್ಣ ಗೇರು, ಟೇಪನ್ನು ಓದುವ ತಿರುಗುವ ಹೆಡ್ಡು ಸವೆದರೆ ಬಿಡಿಭಾಗ ಹುಡುಕುವುದು ಕಷ್ಟ. ನಿಮ್ಮ ಕ್ಯಾಮೆರಾ ಈಗ ಓಡುತ್ತಿದೆ ಎನ್ನುವುದೇ ದೊಡ್ಡ ಭಾಗ್ಯ.

ಕ್ಯಾಮೆರಾದಲ್ಲಿ ಡಿವಿ ಅಥವಾ ಐ-ಲಿಂಕ್ ಎಂದು ಬರೆದ ಚಿಕ್ಕ ಕಿಂಡಿ ಇರುತ್ತದೆ. ಅದು ಫೈರ್‌ವೈರ್. ಹಳದಿ ಕೆಂಪು ಬಿಳಿ ಪಿನ್ನಿನ ವೈರಿನಲ್ಲಿ ಬಿಡಿಸಿಕೊಂಡರೆ ಚಿತ್ರ ಒಮ್ಮೆ ಅನಲಾಗ್ ಆಗಿ, ಮತ್ತೆ ಡಿಜಿಟಲ್ ಆಗಿ ಮಾಸುತ್ತದೆ. ಫೈರ್‌ವೈರ್‌ನಲ್ಲಿ ಟೇಪಿನಲ್ಲಿದ್ದ ಮಾಹಿತಿಯೇ ಹಾಗೇ ಬರುತ್ತದೆ. ಈಗಿನ ಕಂಪ್ಯೂಟರ್‌ಗಳಲ್ಲಿ ಈ ಕಿಂಡಿ ಇರುವುದಿಲ್ಲ. ಯಾರ ಮನೆಯಲ್ಲಾದರೂ ಮೂಲೆ ಸೇರಿದ, ಫೈರ್‌ವೈರ್ ಇರುವ ಹಳೆಯ ಕಂಪ್ಯೂಟರ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದು ಗಂಟೆಯ ಟೇಪು ಒಂದು ಗಂಟೆಯೇ ಓಡಬೇಕು. ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು. ಮೊದಲು ಟೇಪನ್ನು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಬಿಗಿಯಾಗಿ ಸುತ್ತಿಕೊಂಡಿದ್ದ ಟೇಪು ಸಡಿಲಗೊಳ್ಳುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆದರೆ ಹೆಡ್ ಕ್ಲೀನಿಂಗ್ ಟೇಪನ್ನು ಕೆಲವೇ ಸೆಕೆಂಡ್ ಓಡಿಸಿ. ಜಾಸ್ತಿ ಓಡಿಸಿದರೆ ಹೆಡ್ಡೇ ಸವೆಯುತ್ತದೆ.

ಎಲ್ಲ ಮುಗಿದ ಮೇಲೆ ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ ಪ್ರತಿ ಇಡಿ. ಒಂದು ಬೇರೆ ಮನೆಯಲ್ಲಿರಲಿ. ಟೇಪುಗಳನ್ನು ಎಸೆಯಬೇಡಿ, ನಿಲ್ಲಿಸಿ ಇಡಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಕೊಂಡ ವೈರ್‌ಲೆಸ್ ಇಯರ್‌ಬಡ್ ಈಗ ಒಂದು ಗಂಟೆಯೂ ನಿಲ್ಲುತ್ತಿಲ್ಲ. ಬ್ಯಾಟರಿ ಬದಲಿಸಲು ಆಗುವುದಿಲ್ಲವಂತೆ. ಪ್ರತಿ ಎರಡು ವರ್ಷಕ್ಕೆ ಹೊಸದು ಕೊಳ್ಳುವುದೇ ಗತಿಯಾ?

ನಿಮ್ಮ ಸಿಟ್ಟು ನ್ಯಾಯವಾದದ್ದು. ಸದ್ದು ಮಾಡುವ ಭಾಗಕ್ಕೆ ಏನೂ ಆಗಿಲ್ಲ. ಉಗುರಿನಷ್ಟು ಬ್ಯಾಟರಿ ಸವೆದಿದೆ, ಅದನ್ನು ತೆಗೆಯಲು ಬಾರದಂತೆ ಅಂಟಿಸಿಟ್ಟಿದ್ದಾರೆ. ಅದಕ್ಕಾಗಿ ಇಡೀ ವಸ್ತು ಕಸಕ್ಕೆ ಹೋಗಬೇಕು. ಇದನ್ನು ನಾನು ಒಪ್ಪುವುದಿಲ್ಲ.

ಧ್ವನಿ ಕೆಲಸದವರು ಏನು ಬಳಸುತ್ತಾರೆ ನೋಡಿ. ಸೋನಿ ಎಂಡಿಆರ್-7506 ಹೆಡ್‌ಫೋನ್ ಬಂದದ್ದು 1991ರಲ್ಲಿ. ಸೆನ್‌ಹೈಸರ್ ಎಚ್‌ಡಿ 25 ಬಂದದ್ದು 1988ರಲ್ಲಿ. ಹಾಡುಗಾರರ ಕೈಯಲ್ಲಿ ಕಾಣುವ ಶೂರ್ ಎಸ್ಎಂ58 ಮೈಕು 1966ರದ್ದು. ಈ ಮಾದರಿಗಳು ದಶಕಗಳಿಂದ ಓಡುತ್ತಿವೆ. ಎಚ್‌ಡಿ 25ರ ವೈರು, ಕಿವಿಯ ಮೆತ್ತೆ, ತಲೆಪಟ್ಟಿ, ಸದ್ದು ಮಾಡುವ ಗುಂಡು ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ, ಬೆಸುಗೆ ಇಲ್ಲದೆ ಬದಲಿಸಬಹುದು. ದುಡಿಯುವ ಜನ ಇಂಥವನ್ನು ಬಿಡದಿರುವುದಕ್ಕೆ ಹಳೆಯದರ ಮೋಹ ಕಾರಣವಲ್ಲ. ಬೆಳಗ್ಗೆ ಮೆತ್ತೆ ಹರಿದರೆ ಸಂಜೆಯ ಕೆಲಸಕ್ಕೆ ಅದು ಮತ್ತೆ ಸಿದ್ಧವಾಗಿರುತ್ತದೆ, ಅದಕ್ಕೆ.

ನಿಮ್ಮ ಬಳಿ ಹಳೆಯ ವೈರಿನ ಹೆಡ್‌ಫೋನ್ ಇದ್ದರೆ ಹೊರತೆಗೆಯಿರಿ. ಫೋನಿನಲ್ಲಿ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿ-ಸಿ ಇಂದ 3.5 ಎಂಎಂಗೆ ತಿರುಗಿಸುವ ಚಿಕ್ಕ ಅಡಾಪ್ಟರ್ ಸಾಕು. ಒಳಗೆ ಡಿಎಸಿ, ಅಂದರೆ ಡಿಜಿಟಲ್ ಸದ್ದನ್ನು ಅನಲಾಗ್ ಮಾಡುವ ಚಿಪ್, ಇರುವುದನ್ನೇ ಕೇಳಿ ತಗೊಳ್ಳಿ, ಅದು ಹೆಚ್ಚಿನ ಫೋನುಗಳಿಗೆ ಹೊಂದುತ್ತದೆ. ಒಂದು ಕಡೆ ಸದ್ದು ಬರದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಪಿನ್ನಿನ ಬುಡದಲ್ಲಿ ವೈರು ತುಂಡಾಗಿರುತ್ತದೆ. ಹೊಸ ಪಿನ್ ಬೆಸೆಯುವುದು ಸ್ವಲ್ಪ ಹೊತ್ತಿನ ಕೆಲಸ. ಓಡುವಾಗ, ವ್ಯಾಯಾಮದಲ್ಲಿ ವೈರು ತೊಡಕು ಎನ್ನುವುದು ನಿಜ. ಅದಕ್ಕೆ ವೈರ್‌ಲೆಸ್ ಬೇಕೇ ಬೇಕು ಎಂದಾದರೆ ಬ್ಯಾಟರಿ ಬದಲಿಸಲು ಬರುವ ಮಾದರಿ ಹುಡುಕಿ ಕೊಳ್ಳಿ.

ಪ್ರಶ್ನೆ: ತಾತನ ಕ್ಯಾನನೆಟ್ ಕ್ಯೂಎಲ್17 ಫಿಲ್ಮ್ ಕ್ಯಾಮೆರಾ ಸಿಕ್ಕಿದೆ. ಅದಕ್ಕೆ ಬೇಕಾದ ಪಾದರಸದ ಬ್ಯಾಟರಿ ಈಗ ಸಿಗುವುದಿಲ್ಲ. ಬೇರೆ ಬ್ಯಾಟರಿ ಹಾಕಿದರೆ ಬೆಳಕು ಅಳೆಯುವ ಮೀಟರ್ ತಪ್ಪು ತೋರಿಸುತ್ತದೆ.

ಪಾದರಸದ ಬ್ಯಾಟರಿ ಕೊಡುತ್ತಿದ್ದುದು 1.35 ವೋಲ್ಟ್. ಅದೇ ಅಳತೆಯ ಆಲ್ಕಲೈನ್ 1.5 ಕೊಡುತ್ತದೆ. ಮೀಟರ್ ತಪ್ಪುವುದು ಅದಕ್ಕೇ. ಕಿವಿಯ ಯಂತ್ರಕ್ಕೆ ಹಾಕುವ 675 ಜಿಂಕ್-ಏರ್ ಬ್ಯಾಟರಿ 1.4 ವೋಲ್ಟ್ ಸುಮಾರಿಗೆ ಇರುತ್ತದೆ. ಸುತ್ತಲೂ ಒಂದು ಉಂಗುರ ಹಾಕಿ ಕೂರಿಸಿದರೆ ಸರಿಹೋಗುತ್ತದೆ. ಸ್ಟಿಕ್ಕರ್ ಕಿತ್ತ ಮೇಲೆ ಅದು ಕೆಲವು ತಿಂಗಳಷ್ಟೇ ಬಾಳುತ್ತದೆ.

ಆದರೆ ನನ್ನ ಆಸೆ ಬೇರೆ. ಈ ಕ್ಯಾಮೆರಾದ ಶಟರ್‌ಗೆ ಬ್ಯಾಟರಿಯೇ ಬೇಕಿಲ್ಲ. ಎಫ್ ಸಂಖ್ಯೆ ಬದಲಿಸುವ ಅಪರ್ಚರ್ ರಿಂಗನ್ನು ಆಟೋದಿಂದ ತೆಗೆದು ನೀವೇ ಅಂದಾಜು ಮಾಡಿ ತೆಗೆಯಿರಿ. ಬಿರುಬಿಸಿಲಿದ್ದರೆ ಎಫ್ 16, ಶಟರ್ ವೇಗ ಫಿಲ್ಮಿನ ಐಎಸ್ಒ ಸಂಖ್ಯೆಗೆ ಹತ್ತಿರದ್ದು. 100ರ ಫಿಲ್ಮಿಗೆ ಸೆಕೆಂಡಿನ 125ನೇ ಒಂದು ಭಾಗ, 400ರದ್ದಕ್ಕೆ 500ನೇ ಒಂದು ಭಾಗ. ತೆಳು ಮೋಡ ಇದ್ದರೆ ಎಫ್ 11, ಮೋಡ ಮುಚ್ಚಿದರೆ 8, ದಟ್ಟ ಮೋಡಕ್ಕೆ 5.6. ನೆಗೆಟಿವ್ ಫಿಲ್ಮು ಬೆಳಕು ಸ್ವಲ್ಪ ಜಾಸ್ತಿಯಾದರೆ ಸಹಿಸುತ್ತದೆ, ಕಡಿಮೆಯಾದರೆ ಸಹಿಸುವುದಿಲ್ಲ. ಅನುಮಾನ ಬಂದಾಗ ಒಂದು ಹೆಜ್ಜೆ ಹೆಚ್ಚು ತೆರೆಯಿರಿ. ಮೊದಲ ರೋಲ್ ಹಾಕುವ ಮುಂಚೆ ಹಿಂಬಾಗಿಲ ಅಂಚಿನ ಕಪ್ಪು ಫೋಮ್ ಮುಟ್ಟಿ ನೋಡಿ. ಅಂಟಂಟಾಗಿದ್ದರೆ ಕೆರೆದು ತೆಗೆದು ಹೊಸದು ಹಾಕಿಸಿ. ಇಲ್ಲದಿದ್ದರೆ ಬೆಳಕು ನುಗ್ಗಿ ಚಿತ್ರದ ಮೇಲೆ ಕಿತ್ತಳೆ ಪಟ್ಟೆ ಬೀಳುತ್ತದೆ.

ಪ್ರಶ್ನೆ: ನನ್ನ ಹತ್ತಿರ ಹಳೆಯ ಕ್ಯಾಮೆರಾ, ಟೇಪ್ ರೆಕಾರ್ಡರ್ ಸೇರಿ ಒಂದು ಕೋಣೆ ತುಂಬಿದೆ. ಹೊಸದನ್ನು ಕೊಳ್ಳುವ ಹುಚ್ಚು ನನಗಿಲ್ಲ, ಹಳೆಯದು ಕಂಡರೆ ಬಿಡುವುದಿಲ್ಲ. 'ನಿಮ್ಮದೂ ಅದೇ ಹುಚ್ಚು' ಅಂತಾಳೆ ಹೆಂಡತಿ. ನೀವೇ ಹೇಳಿ.

ನಿಮ್ಮ ಮನೆಯವರು ಹೇಳಿದ್ದು ಸರಿ. ಬೇಸರ ಮಾಡಿಕೊಳ್ಳಬೇಡಿ. ವಸ್ತು ಹಳೆಯದಾದ ಮಾತ್ರಕ್ಕೆ ಕೊಳ್ಳುವ ಚಪಲ ಬೇರೆಯಾಗುವುದಿಲ್ಲ. ಈಚೆಗೆ 2000ದ ದಶಕದ ಪುಟ್ಟ ಡಿಜಿಟಲ್ ಕ್ಯಾಮೆರಾಗಳಿಗೆ ಮತ್ತೆ ಬೇಡಿಕೆ ಬಂದಿದೆ. ಡ್ರಾಯರಿನಲ್ಲಿ ಮಲಗಿದ್ದವು ಎದ್ದು ಕೆಲಸ ಮಾಡುವುದು ನನಗೂ ಇಷ್ಟ. ಆದರೆ ಒಬ್ಬರೇ ಹತ್ತು ಕೊಂಡು ಒಂದನ್ನೂ ಸರಿಯಾಗಿ ಬಳಸದಿದ್ದರೆ, ಬೇಕಿದ್ದ ಒಂಬತ್ತು ಮಂದಿಗೆ ಅವು ಸಿಗುವುದಿಲ್ಲ.

ನನ್ನ ಹತ್ತಿರ ಇರುವುದು ಒಂದು ಕ್ಯಾನನ್ 5ಡಿ, 2005ರಲ್ಲಿ ಬಂದ ಮೊದಲ ಮಾದರಿ, ಮತ್ತು ಎರಡು ಲೆನ್ಸ್. ಕತ್ತಲಲ್ಲೂ ಅದರ ಗುಂಡಿಗಳು ನನ್ನ ಬೆರಳಿಗೆ ಗೊತ್ತು. ಎಷ್ಟು ಬೆಳಕಿಗೆ ಆಕಾಶ ಬೆಳ್ಳಗೆ ಸುಟ್ಟು ಹೋಗುತ್ತದೆ ಎಂದು ಪರದೆ ನೋಡದೆ ಹೇಳಬಲ್ಲೆ. ಈ ಪರಿಚಯ ಹತ್ತು ಕ್ಯಾಮೆರಾಗಳ ಜೊತೆ ಬೆಳೆಯುವುದಿಲ್ಲ.

ಕೋಣೆಗೆ ಹೋಗಿ ಮೊದಲು ಪ್ರತಿ ಸಾಮಾನಿನ ಬ್ಯಾಟರಿ ಹೊರತೆಗೆಯಿರಿ. ಸೋರಿದ ಆಲ್ಕಲೈನ್ ಸೆಲ್ ತಿಂದು ಹಾಕುವಷ್ಟು ಬೇರೆ ಯಾವುದೂ ಹಾಳು ಮಾಡುವುದಿಲ್ಲ. ಬಿಳಿ ಹುಡಿ ಕಂಡರೆ ವಿನಿಗರ್ ಅದ್ದಿದ ಹತ್ತಿಯಲ್ಲಿ ಒರೆಸಿ, ಆಮೇಲೆ ನೀರಿನ ಹತ್ತಿ, ಆಮೇಲೆ ಒಣ ಹತ್ತಿ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಓಡುವ ಸಾಮಾನುಗಳಲ್ಲಿ ನೀವು ನಿಜವಾಗಿ ಬಳಸುವುದನ್ನು ಇಟ್ಟುಕೊಂಡು ಉಳಿದದ್ದನ್ನು ಕಲಿಯುವ ಹುಡುಗ ಹುಡುಗಿಯರಿಗೆ ದಾಟಿಸಿ. ಓಡದವನ್ನು ಬಿಡಿಭಾಗಕ್ಕಾಗಿ ರಿಪೇರಿಯವರಿಗೆ ಕೊಡಿ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿಸಿತು ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದು ಕಾಲು ಭಾಗಕ್ಕಿಂತ ಕಡಿಮೆ. ನಿಮ್ಮ ಕೋಣೆಯ ಸಾಮಾನು ಆ ರಾಶಿಗೆ ಸೇರದಿರಲಿ.

ಪ್ರಶ್ನೆ: ಸಮಾರಂಭಗಳ ಫೋಟೋ ತೆಗೆದು ಜೀವನ ಮಾಡುತ್ತೇನೆ. ನನ್ನದು ಹದಿನೈದು ವರ್ಷದ ಕ್ಯಾಮೆರಾ. ನೀವು ಹೇಳಿದ ಹಾಗೆ ಇದರಲ್ಲೇ ಸಾಗಿಸಲಾ?

ನಿಮ್ಮ ಕ್ಯಾಮೆರಾದಲ್ಲಿ ಕಾರ್ಡಿಗೆ ಎಷ್ಟು ಕಿಂಡಿ ಇದೆ? ಒಂದೇ ಆದರೆ ಎರಡು ಕಿಂಡಿ ಇರುವ ಹೊಸದು ಕೊಳ್ಳಿ, ಅಥವಾ ಅಂಥದೇ ಬಳಸಿದ ಕ್ಯಾಮೆರಾ ಕೊಳ್ಳಿ. ಆಗ ಪ್ರತಿ ಚಿತ್ರವನ್ನೂ ಎರಡು ಕಾರ್ಡುಗಳಲ್ಲಿ ಉಳಿಸಬಹುದು. ಕಾರ್ಡ್ ಕೆಟ್ಟರೆ ಹೋಗುವುದು ನಿಮ್ಮ ಚಿತ್ರವಲ್ಲ, ಬೇರೆಯವರ ಮನೆಯ ದಿನ. ಅದು ಮತ್ತೆ ಬರುವುದಿಲ್ಲ. ಕರೆದವರು ವಿಡಿಯೋ ಕೇಳುತ್ತಿದ್ದಾರೆ, ಮಬ್ಬು ಸಭಾಂಗಣದಲ್ಲಿ ಫೋಕಸ್ ತಪ್ಪಿ ಒಳ್ಳೆಯ ಗಳಿಗೆಗಳು ಕೈಜಾರುತ್ತಿವೆ ಎಂದಾದರೆ ಅದೂ ಗಟ್ಟಿ ಕಾರಣ. ಕೂಲಿ ಕೊಟ್ಟವರಿಗೆ ಸರಿಯಾದ ಕೆಲಸ ಕೊಡುವುದು ಮೊದಲು. ಹಳೆಯದನ್ನು ಎರಡನೆಯ ಕ್ಯಾಮೆರಾ ಆಗಿ ಹೆಗಲಲ್ಲೇ ಇಟ್ಟುಕೊಳ್ಳಿ. ಹಳೆಯ ಲೆನ್ಸುಗಳನ್ನಂತೂ ಮಾರಬೇಡಿ. ಕ್ಯಾನನ್ ಇಎಫ್ ಮೌಂಟ್ (ಲೆನ್ಸ್ ಸಿಕ್ಕಿಸುವ ಬಾಯಿ) 1987ರದ್ದು, ನಿಕಾನ್ ಎಫ್ 1959ರದ್ದು. ಎರಡರ ಲೆನ್ಸುಗಳೂ ಅಡಾಪ್ಟರ್ ಹಾಕಿದರೆ ಆಯಾ ಕಂಪನಿಯ ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗೆ ಕೂರುತ್ತವೆ. ನಿಕಾನ್‌ನಲ್ಲಿ ಹಳೆಯ ಎಎಫ್-ಡಿ ಲೆನ್ಸುಗಳಿಗೆ ಕಂಪನಿಯ ಅಡಾಪ್ಟರ್‌ನಲ್ಲಿ ಆಟೋ ಫೋಕಸ್ ಸಿಗುವುದಿಲ್ಲ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. 'ಯಾವ ಕ್ಯಾಮೆರಾ ಇದೆ?' ಎಂದು ಗಿರಾಕಿ ಕೇಳಿದರು ಎನ್ನುವುದು ಮಾತ್ರ ಕೊಳ್ಳಲು ಕಾರಣವಾಗದಿರಲಿ. ಅವರಿಗೆ ನಿಮ್ಮ ಚಿತ್ರಗಳನ್ನು ತೋರಿಸಿ.

ಪ್ರಶ್ನೆ: ಲೆನ್ಸಿನ ಒಳಗೆ ಜೇಡರ ಬಲೆಯಂತೆ ಬಿಳಿ ಎಳೆಗಳು ಕಾಣುತ್ತಿವೆ.

ಅದು ಬೂಷ್ಟು, ಫಂಗಸ್. ತೇವ ಮತ್ತು ಕತ್ತಲೆ ಎರಡೂ ಸಿಕ್ಕಲ್ಲಿ ಬೆಳೆಯುತ್ತದೆ. ಶುರುವಿನಲ್ಲೇ ಬಿಚ್ಚಿಸಿ ಒರೆಸಿಸಿದರೆ ಪೂರ್ತಿ ಹೋಗುತ್ತದೆ. ಬಿಟ್ಟರೆ ಗಾಜಿನ ಮೇಲಿನ ಲೇಪ ತಿಂದು ಗುರುತು ಉಳಿಸುತ್ತದೆ. ಚೂರುಪಾರು ಇದ್ದರೆ ಚಿತ್ರದಲ್ಲಿ ಕಾಣುವುದೇ ಇಲ್ಲ, ಸುಮ್ನೆ ಗಾಬರಿ ಬೇಡ. ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಮತ್ತು ಅಗ್ಗದ ತೇವದ ಮೀಟರ್ ಇಟ್ಟು, 40ರಿಂದ 50 ಪ್ರತಿಶತ ಕಾಯ್ದುಕೊಳ್ಳಿ. ಎಲ್ಲಕ್ಕಿಂತ ಒಳ್ಳೆಯ ಔಷಧಿ ಆ ಲೆನ್ಸನ್ನು ಆಗಾಗ ಹೊರಗೆ ತೆಗೆದು ಬೆಳಕಿನಲ್ಲಿ ಬಳಸುವುದು.

ಪ್ರಶ್ನೆ: ಕೊನೆಗೊಂದು ಚಿಕ್ಕ ಪ್ರಶ್ನೆ. 1980ರ ದಶಕದ ದೊಡ್ಡ ಫ್ಲ್ಯಾಶ್ ಇದೆ. ಈಗಿನ ಡಿಜಿಟಲ್ ಕ್ಯಾಮೆರಾ ಮೇಲೆ ಕೂರಿಸಬಹುದಾ?

ಅಳೆಯದೆ ಕೂರಿಸಬೇಡಿ. ಆ ಕಾಲದ ಕೆಲವು ಫ್ಲ್ಯಾಶ್‌ಗಳ ಕಾಲಿನಲ್ಲಿ 200 ವೋಲ್ಟ್ ದಾಟಿದ ಟ್ರಿಗರ್ ವೋಲ್ಟೇಜ್ ಇರುತ್ತದೆ. ಕ್ಯಾಮೆರಾದ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು. ಫ್ಲ್ಯಾಶಿಗೆ ಹೊಸ ಸೆಲ್ ಹಾಕಿ ಆನ್ ಮಾಡಿ, ರೆಡಿ ದೀಪ ಹತ್ತಲಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಒಂದು ಮೊನೆ ಕಾಲಿನ ನಡುವಿನ ದೊಡ್ಡ ಚುಕ್ಕೆಗೆ, ಇನ್ನೊಂದು ಪಕ್ಕದ ಲೋಹಕ್ಕೆ ತಾಗಿಸಿ. ಎರಡನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಬಂದ ಅಂಕಿಯನ್ನು ನಿಮ್ಮ ಕ್ಯಾಮೆರಾದ ಕೈಪಿಡಿ ಹೇಳುವ ಮಿತಿಯ ಜೊತೆ ಹೋಲಿಸಿ. 6 ವೋಲ್ಟಿಗಿಂತ ಕಡಿಮೆ ಬಂದರೆ ನಿಶ್ಚಿಂತೆಯಿಂದ ಹಾಕಿ. ಜಾಸ್ತಿ ಬಂದು ಮಿತಿ ದಾಟಿದರೆ ಕ್ಯಾಮೆರಾದಿಂದ ದೂರ ಒಂದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅಷ್ಟು ವೋಲ್ಟೇಜ್ ತಡೆಯುವ ಆಪ್ಟಿಕಲ್ ಸ್ಲೇವ್ ಒಂದನ್ನು ಸಿಕ್ಕಿಸಿ. ಕ್ಯಾಮೆರಾದ ಚಿಕ್ಕ ಫ್ಲ್ಯಾಶ್ ಹೊಳೆದ ಕೂಡಲೇ ಅದೂ ಹೊಳೆಯುತ್ತದೆ. ಚಿಕ್ಕ ಫ್ಲ್ಯಾಶನ್ನು ಮ್ಯಾನುಯಲ್‌ಗೆ ಇಡಿ. ಇಲ್ಲದಿದ್ದರೆ ಅದರ ಮುನ್ನ-ಮಿಂಚಿಗೇ ದೊಡ್ಡದು ಹಾರಿ, ಚಿತ್ರದ ಹೊತ್ತಿಗೆ ಖಾಲಿಯಾಗಿರುತ್ತದೆ.